ಯಾವ ಕಡಲೆ

ಅಡುಗೆಯಮ್ಮ ತೀರಿಕೊಂಡ ಸುದ್ದಿ ತಂದವಳು ನಮ್ಮ ಶಿಶುವಿಹಾರದ ಆಯಾ. ಬಾಗಿಲಲ್ಲೇ ನಿಂತು ಹೇಳಿದಳು. "ನಿಮಗೂ ಅವರಿಗೂ ಆಗ್ತಿರಲಿಲ್ಲ ಅಲ್ವಾ ಟೀಚರ್. ಆದ್ರೂ ಒಂದ್ಸಲ ಹೋಗ್ಬನ್ನಿ. ಸತ್ತೋರ ಮೇಲೆ ಏನು" ಎಂದಳು.

ಆಗುತ್ತಿರಲಿಲ್ಲ, ನಿಜ. ಭದ್ರಾವತಿಯ ನ್ಯೂ ಟೌನಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಒಂದೇ ಕಟ್ಟಡದಲ್ಲಿ, ಗೋಡೆಯ ಈಚೆ ನಾನು, ಆಚೆ ಅವರು, ವರ್ಷಗಟ್ಟಲೆ ಕೆಲಸ ಮಾಡಿದೆವು. ಅಷ್ಟು ವರ್ಷದಲ್ಲಿ ಒಮ್ಮೆಯೂ ಎದುರುಬದುರು ಕೂತು ಕಾಫಿ ಕುಡಿದವರಲ್ಲ. ಈಗ ಮಕ್ಕಳಿಗೆ ಹಾಡು ಹೇಳಿಕೊಡುವಾಗ ನನ್ನ ಕಿವಿ ಆ ಗೋಡೆಯ ಕಡೆ ಹೋಗುತ್ತದೆ. ಪಾತ್ರೆ ಕುಕ್ಕುವ ಸದ್ದಿದೆ, ಬೈಗುಳವಿಲ್ಲ. ಅದಕ್ಕೇ ಬರೆಯಲು ಕೂತೆ. ಅವರನ್ನು ಹೊಗಳುವುದಕ್ಕಲ್ಲ, ಹೊಗಳಿದರೆ ಅವರೇ ನಂಬುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ನಾವಿಬ್ಬರೂ ಜಗಳವಾಡುತ್ತಲೇ ಮಾಡಿದ ಒಂದು ಕೆಲಸವನ್ನು ನಡೆದ ಹಾಗೆ ಬರೆಯುತ್ತೇನೆ.

ಶಿಶುವಿಹಾರ ನಡೆಸುತ್ತಿದ್ದುದು ಕಾರ್ಖಾನೆಯ ಅಧಿಕಾರಿಗಳ ಮನೆಯ ಹೆಂಗಸರ ಒಂದು ಸಮಾಜ. ಮಕ್ಕಳು ಎಲ್ಲ ಬಗೆಯ ಮನೆಗಳಿಂದ ಬರುತ್ತಿದ್ದರು. ದಿನವೂ ಅವರಿಗೆ ಹಾಲು, ಬಾಳೆಹಣ್ಣು. ತಿಂಗಳಿಗೊಮ್ಮೆ ಆ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಸೇರಿಸಿ ಹುಟ್ಟುಹಬ್ಬ. ಅಧ್ಯಕ್ಷೆಯವರು ಬೆಂಗಳೂರಿನಲ್ಲಿ ನೋಡಿಬಂದು ಶುರುಮಾಡಿದ ಪದ್ಧತಿ ಅದು. ಬಣ್ಣದ ಕಾಗದದ ತೋರಣ, ಆರತಿ, ಆಟ, ಕೊನೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ತಿಂಡಿ. ಇಡ್ಲಿ, ಚಟ್ನಿ ನಮ್ಮ ಅಡುಗೆಮನೆಯದು. ಸಿಹಿ ಮಾತ್ರ ಹುಟ್ಟುಹಬ್ಬದ ಮಗುವಿನ ಮನೆಯಿಂದ ಬರುತ್ತಿತ್ತು.

ಅಡುಗೆಯಮ್ಮ ಸೇಲಂ ಕಡೆಯವರು. ಗಂಡ ಕಾರ್ಖಾನೆಯ ಕೆಲಸಕ್ಕೆ ಸೇರಿದ ಕಾಲದಿಂದ ಭದ್ರಾವತಿಯಲ್ಲೇ ಇದ್ದವರು. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದಂತೆ ಮಾತಾಡುತ್ತಿದ್ದರು. ಸೆರಗಿನ ತುದಿಯ ಗಂಟಿನಲ್ಲಿ ಸದಾ ಹುರಿದ ಶೇಂಗಾ. ಒಲೆಯ ಮುಂದೆ ನಿಂತು ಒಂದೊಂದೇ ಬಾಯಿಗೆ ಎಸೆದುಕೊಂಡು, ಕೆಂಪು ಸಿಪ್ಪೆಯನ್ನು ಉಫ್ ಎಂದು ಊದುವರು. ಆ ಸಿಪ್ಪೆ ಹಾರಿ ನನ್ನ ತರಗತಿಯ ಹೊಸ್ತಿಲವರೆಗೂ ಬರುತ್ತಿತ್ತು. ನಮ್ಮ ಮೊದಲ ಜಗಳ ಆ ಸಿಪ್ಪೆಯದು.

ಎರಡನೆಯದು ಪುಟಾಣಿಯದು. ನಾನು ಶಿಕಾರಿಪುರದ ಕಡೆಯವಳು. ನಮ್ಮಲ್ಲಿ ಹುರಿಗಡಲೆಗೆ ಪುಟಾಣಿ ಅನ್ನುತ್ತೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, "ಚಟ್ನಿಗೆ ಪುಟಾಣಿ ಹಾಕಿ" ಎಂದು ಹೇಳಿದ್ದೆ. ಸಮಾಜದ ಹೆಂಗಸರೆಲ್ಲ ಅಲ್ಲೇ ಇದ್ದರು. ಅಡುಗೆಯಮ್ಮ ಸೊಂಟದ ಮೇಲೆ ಕೈಯಿಟ್ಟು, "ಯಾವ ಪುಟಾಣೀನ ಒರಳಿಗೆ ಹಾಕ್ಲಿ ಟೀಚರಮ್ಮ? ಅಳೋದನ್ನಾ, ನಗೋದನ್ನಾ?" ಎಂದರು. ಎಲ್ಲರೂ ಬಿದ್ದುಬಿದ್ದು ನಕ್ಕರು. ಅಂದಿನಿಂದ ನಾನು ಆ ಮಾತನ್ನು ಅವರೆದುರು ಎತ್ತಲಿಲ್ಲ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ನವುಲೆಯ ಕಡೆಯವರು, ಮಗನಿಗೆ ಕಾರ್ಖಾನೆಯ ಕಚೇರಿಯಲ್ಲಿ ಕೆಲಸವಾಗಿ ಈ ಊರಿಗೆ ಬಂದಿದ್ದರು. ತಾಯಿಯಿಲ್ಲದ ಹುಡುಗಿ. ಹಣೆಯಲ್ಲಿ ವಿಭೂತಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ನೋಡಮ್ಮ, ಈ ಕೂಸಿಗೆ ಶೇಂಗಾ ಆಗಲ್ಲ. ಒಂದು ಕಾಳು ಬಾಯಿಗೆ ಬಿದ್ರೂ ಮೈಯೆಲ್ಲ ದದ್ದು ಏಳುತ್ತೆ. ಹೋದ ವರ್ಷ ಒಂದು ಮದುವೆ ಮನೇಲಿ ಉಸಿರೇ ನಿಂತಿತ್ತು. ಉಳಿದಿದ್ದೇ ಹೆಚ್ಚು."

ಹುಡುಗಿ ಅಜ್ಜಿಯ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅಡುಗೆಮನೆಗೆ ಹೋಗಿ ಹೇಳಿದೆ. "ಹೊಸ ಹುಡುಗಿಗೆ ಶೇಂಗಾ ಆಗಲ್ಲ. ಮಕ್ಕಳಿಗೆ ಮಾಡೋದಕ್ಕೆ ಯಾವುದಕ್ಕೂ ಶೇಂಗಾ ಹಾಕಬೇಡಿ." ಅಡುಗೆಯಮ್ಮ ತಿರುಗಿಯೂ ನೋಡದೆ, "ನಾ ಯಾವತ್ತು ಹಾಕಿದೀನಿ?" ಎಂದರು. ಆ ಉತ್ತರ ವಿಚಿತ್ರವೆನಿಸಿತು. ಆದರೆ ಅವರ ಹತ್ತಿರ ಮಾತು ಬೆಳೆಸುವ ಅಭ್ಯಾಸ ನನಗಿರಲಿಲ್ಲ.

ಅವಳು ಬಂದ ಮೇಲಿನ ಮೊದಲ ಹುಟ್ಟುಹಬ್ಬಕ್ಕೆ ಅಡುಗೆಮನೆಯಲ್ಲಿ ಬರೀ ಕಾಯಿಚಟ್ನಿ ಆಗಿತ್ತು. ಒಬ್ಬ ಇಂಜಿನಿಯರ ಹೆಂಡತಿ ಮನೆಯಿಂದ ಶೇಂಗಾ ಉಂಡೆ ತಂದರು. ಅವರೇ ಬಡಿಸುತ್ತಾ ಬಂದಾಗ ನಾನು ಹುಡುಗಿಯ ಎಲೆಯ ಮೇಲೆ ಕೈ ಅಡ್ಡವಿಟ್ಟು, "ಇವಳಿಗೆ ಆಗಲ್ಲ" ಎಂದೆ.

ಆ ತಾಯಿಯ ದೃಷ್ಟಿ ಹುಡುಗಿಯ ವಿಭೂತಿಯ ಮೇಲೆ ನಿಂತಿತು. "ಓಹೋ. ನಮ್ಮ ಮನೇದು ಆಗಲ್ವಾ ಇವರಿಗೆ?"

"ಹಾಗಲ್ಲ. ಮೈಗೆ ಆಗಲ್ಲ."

"ಎಲ್ಲರೂ ಮೊದಲು ಹಾಗೇ ಹೇಳೋದು. ನಾವು ಮುಟ್ಟಿದ್ದು ತಿನ್ನದವರು ಮಕ್ಕಳನ್ನ ಇಲ್ಲಿಗೆ ಯಾಕೆ ಕಳಿಸ್ತಾರೋ" ಎಂದು ಉಂಡೆಯನ್ನು ಡಬ್ಬಿಗೆ ಹಾಕಿಕೊಂಡು ಮುಂದೆ ಹೋದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. ಅಜ್ಜಿ ಹೇಳಿದಾಗ ಅದಕ್ಕಿದ್ದ ಅರ್ಥ ಬೇರೆ, ಆ ತಾಯಿಗೆ ಕೇಳಿಸಿದ ಅರ್ಥ ಬೇರೆ. ಸಂಜೆಯೊಳಗೆ ಸಾಲುಮನೆಗಳಲ್ಲೆಲ್ಲ ಹಬ್ಬಿತು: ಹೊಸ ಹುಡುಗಿಯ ಮನೆಯವರು ಬಹಳ ಮಡಿಯಂತೆ, ಟೀಚರು ಅವರಿಗೆ ತಾಳ ಹಾಕುತ್ತಾಳಂತೆ. ಮರುದಿನದಿಂದ ಇಬ್ಬರು ಮಕ್ಕಳು ಅವಳ ಪಕ್ಕ ಕೂರಲಿಲ್ಲ. "ನಮ್ಮಮ್ಮ ಬೇಡ ಅಂದಿದಾರೆ" ಎಂದು ನನಗೇ ಹೇಳಿದರು.

ಮುಂದಿನ ತಿಂಗಳ ಹುಟ್ಟುಹಬ್ಬಕ್ಕೆ ಮನೆಯ ಸಿಹಿಯಾಗಿ ಕೇಸರಿಬಾತು ಬಂತು. ಅದರಲ್ಲಿ ಭಯವಿರಲಿಲ್ಲ. ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಟ್ನಿಗೆ ಏನು ಹಾಕಬೇಕೆಂದು ಹೇಳಿದೆ. ಪುಟಾಣಿ ಎಂದರೆ ಮತ್ತೆ ನಗಿಸುತ್ತಾರೆ. ಅವರಿಗೆ ತಿಳಿಯುವ ಮಾತಿನಲ್ಲೇ ಹೇಳೋಣವೆಂದು, "ಚಟ್ನಿಗೆ ಕಾಯಿ, ಕಡಲೆ ಹಾಕಿ ಸಾಕು" ಎಂದೆ.

"ಸರಿ" ಎಂದರು ಅಡುಗೆಯಮ್ಮ.

ಹುಡುಗಿ ಇಡ್ಲಿಯ ಚೂರನ್ನು ಚಟ್ನಿಯಲ್ಲಿ ಅದ್ದಿ ಎರಡು ಸಲ ತಿಂದಿರಬೇಕು. ತುಟಿ ಉಜ್ಜಿಕೊಂಡು, "ಟೀಚರ್, ಬಾಯಿ ಕಡೀತಿದೆ" ಎಂದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಮೇಲ್ದುಟಿ ಊದಿತ್ತು. ಕುತ್ತಿಗೆಯಿಂದ ಕೆನ್ನೆಗೆ ಕೆಂಪು ದದ್ದು ಏರುತ್ತಿತ್ತು. ಬಾಯಿಯಲ್ಲಿದ್ದುದನ್ನು ಬೆರಳಿನಿಂದ ತೆಗೆದು, ಮುಕ್ಕಳಿಸಲು ನೀರು ಕೊಟ್ಟೆ. ಅಂಗಿಯ ಕೊರಳ ಗುಂಡಿ ಬಿಚ್ಚಿದೆ. ಉಸಿರು ಎಳೆದಾಗ ಸೀಟಿಯಂಥ ಸದ್ದು. ಅಧ್ಯಕ್ಷೆಯವರ ಕಾರು ಹೊರಗೆ ನಿಂತಿತ್ತು. ಯಾರನ್ನೂ ಕೇಳದೆ ಹುಡುಗಿಯನ್ನು ಎತ್ತಿಕೊಂಡು ಹತ್ತಿದೆ. ಮಲಗಿಸಿದರೆ ಸದ್ದು ಹೆಚ್ಚುತ್ತಿತ್ತು, ಕೂರಿಸಿಕೊಂಡೇ ಹೋದೆ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ತೋಳಿಗೆ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಸೀಟಿಯ ಸದ್ದು ಸಣ್ಣದಾಯಿತು, ಉಗುರಿನ ನೀಲಿ ಬಣ್ಣ ಹೋಯಿತು. ಅವಳು ಅಳಲು ಶುರುಮಾಡಿದಳು. ಅಳು ಅಷ್ಟು ಹಿತವಾಗಿ ಕೇಳಿಸಿದ್ದು ನನಗೆ ಅದೊಂದೇ ಸಲ.

"ಏನು ತಿಂದ್ಲು?" ಎಂದರು ಡಾಕ್ಟರು.

"ಇಡ್ಲಿ, ಚಟ್ನಿ."

"ಚಟ್ನಿಗೆ ಏನು ಹಾಕಿದ್ರಿ?"

"ಕಾಯಿ, ಕಡಲೆ."

"ಯಾವ ಕಡಲೆ?"

ಹುರಿಗಡಲೆ ಎಂದು ಹೇಳಹೊರಟಾಗ ಅಡುಗೆಯಮ್ಮನ ಸೆರಗಿನ ಗಂಟು ನೆನಪಾಯಿತು. ಡಾಕ್ಟರು ನಿಧಾನವಾಗಿ ಹೇಳಿದರು: ಇದಕ್ಕೆ ಅಲರ್ಜಿ ಅಂತಾರೆ. ಕಾಳು ಮಾತ್ರವಲ್ಲ, ಪುಡಿ, ಗಾಣದ ಎಣ್ಣೆ, ಅದು ತಾಗಿದ ಸೌಟು, ಅರೆದ ಕಲ್ಲು, ಯಾವುದರಲ್ಲಿ ಚೂರು ಉಳಿದರೂ ಸಾಕು. ಇನ್ನೊಂದು ಸಲ ಇದಕ್ಕಿಂತ ಜೋರಾಗಿ ಬರಬಹುದು.

ಶಿಶುವಿಹಾರಕ್ಕೆ ಬಂದು ಅಡುಗೆಮನೆಗೆ ನುಗ್ಗಿದೆ. ಒರಳಿನ ಸುತ್ತ ನೆಲದ ಮೇಲೆ ಕೆಂಪು ಸಿಪ್ಪೆ ಬಿದ್ದಿತ್ತು.

"ಶೇಂಗಾ ಬೇಡ ಅಂದಿರಲಿಲ್ವಾ ನಾನು?"

"ಶೇಂಗಾ ಎಲ್ಲಿ ಹಾಕ್ದೆ?" ಅಡುಗೆಯಮ್ಮನ ದನಿ ನನ್ನದಕ್ಕಿಂತ ಮೇಲೆ ಹೋಯಿತು. "ಶೇಂಗಾ ಅಂದ್ರೆ ಸಿನಿಮಾ ಟೆಂಟ್ ಮುಂದೆ ಕೂಗ್ಕೊಂಡು ಮಾರ್ತಾನಲ್ಲ, ಸಿಪ್ಪೆ ಸಮೇತ ಬೇಯಿಸಿದ್ದು, ಅದು. ಅದನ್ನ ಯಾರು ಚಟ್ನಿಗೆ ಹಾಕ್ತಾರೆ? ನೀವು ಹೇಳಿದ್ದು ಕಡಲೆ. ನಾ ಹಾಕಿದ್ದು ಕಡಲೆ."

"ಕಡಲೆ ಅಂದ್ರೆ ಹುರಿಗಡಲೆ."

"ಅದು ಪೊಟ್ಟುಕಡಲೈ. ಪೊಟ್ಟು ಅಂದ್ರಾ ನೀವು? ಬಾಯಿ ಬಿಟ್ಟು ಅಂದ್ರಾ?"

ಅವರ ಊರಿನಲ್ಲಿ ಬರೀ ಕಡಲೈ ಎಂದರೆ ಶೇಂಗಾ ಬೀಜ. ನನಗೆ ಅದು ಗೊತ್ತಿರಲಿಲ್ಲ. ಸೆರಗಿನ ಗಂಟಿನಲ್ಲಿ ಇದ್ದುದೇ ಶೇಂಗಾ ಎಂದು ಅವರಿಗೆ ಗೊತ್ತಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಈ ಊರಿನಲ್ಲಿದ್ದವರಿಗೆ ಅಷ್ಟು ಗೊತ್ತಿರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಅವರ ಬೀದಿಯ ಅಂಗಡಿಯವನೂ ಸೇಲಂನವನೇ, ಅಲ್ಲಿ ಕಡಲೈ ಎಂದರೆ ಸಾಕಿತ್ತು.

ಎರಡು ದಿನ ಕಳೆದು ಸಮಾಜದ ಸಭೆ ಸೇರಿತು. ನಮ್ಮಿಬ್ಬರನ್ನೂ ನಿಲ್ಲಿಸಿದರು. "ನಿಮ್ಮಿಬ್ಬರ ನಾಲಿಗೆ ಜಗಳಕ್ಕೆ ಒಂದು ಮಗು ಹೋಗ್ತಿತ್ತು" ಎಂದರು ಅಧ್ಯಕ್ಷೆ. ಶೇಂಗಾ ಉಂಡೆ ತಂದಿದ್ದ ತಾಯಿ, "ನಾನು ಆವತ್ತೇ ಹೇಳಿದೆ. ಆಗದವರು ಮನೇಲಿರಬೇಕು. ಹುಟ್ಟುಹಬ್ಬದ ದಿನ ಆ ಹುಡುಗಿ ಬರೋದು ಬೇಡ" ಎಂದರು. ಇನ್ನೊಬ್ಬರು ಅಡುಗೆಯಮ್ಮನನ್ನು ಬಿಡಿಸಬೇಕೆಂದರು. ಎರಡಕ್ಕೂ ತಲೆ ಆಡಿಸುವವರು ಇದ್ದರು.

ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಜಗುಲಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಹೇಳಿದರು: "ಕೂಸನ್ನ ಬಿಡಿಸಿ ಅಂದ್ರೆ ಬಿಡಿಸ್ತೀನಿ. ಆದ್ರೆ ಇದು ನಾಳೆ ಸ್ಕೂಲಿಗೆ ಹೋಗುತ್ತೆ, ನಾಳಿದ್ದು ಯಾರದೋ ಮದುವೆಗೆ ಹೋಗುತ್ತೆ. ಎಲ್ಲಾ ಕಡೆ ಎಲೆ ಹಾಕೇ ಹಾಕ್ತಾರೆ. ಎಷ್ಟು ಪಂಕ್ತಿಯಿಂದ ಎಬ್ಬಿಸಿಕೊಂಡು ಬರ್ಲಿ ನಾನು? ನಾನಿರೋದು ಎಷ್ಟು ದಿನ?"

ಸಭೆಯಲ್ಲಿ ಮಾತಾಡುವವಳಲ್ಲ ನಾನು. ಆ ಹೊತ್ತು ಮಾತಾಡಿದೆ. "ಹುಡುಗೀನ ತೆಗೆಯೋದು ಬೇಡ. ಶೇಂಗಾನ ತೆಗೆಯೋಣ. ಅಡುಗೆಮನೆಗೇ ಬರದ ಹಾಗೆ, ಯಾರ ಮನೆಯಿಂದಲೂ ಬರದ ಹಾಗೆ. ಇನ್ನು ಮೇಲೆ ಹೊರಗಿನ ಸಿಹಿ ಬೇಡ. ಎಲ್ಲ ಇಲ್ಲೇ ಮಾಡೋಣ."

"ಯಾರು ಮಾಡ್ತಾರೆ? ಇವಳಾ?" ಅಧ್ಯಕ್ಷೆ ಅಡುಗೆಯಮ್ಮನ ಕಡೆ ಗದ್ದ ಎತ್ತಿ ತೋರಿಸಿದರು.

"ಹೂಂ. ಇವರೇ."

ಅಡುಗೆಯಮ್ಮ ನನ್ನನ್ನು ನೋಡಿದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ, ಅನುಮಾನವಿತ್ತು. ನನ್ನಲ್ಲೂ ಕರುಣೆ ಇರಲಿಲ್ಲ. ಹೊಸಬರು ಬಂದರೆ ಅದೇ ತಪ್ಪನ್ನು ಹೊಸದಾಗಿ ಮಾಡಬೇಕಾಗುತ್ತಿತ್ತು. ಇವರು ಮಾಡಿಯಾಗಿತ್ತು. ಆ ಉಸಿರಿನ ಸದ್ದನ್ನು ಇವರು ಕೇಳಿಯಾಗಿತ್ತು.

ಅಧ್ಯಕ್ಷೆ, "ಆಯ್ತು ಮಾರಾಯ್ತಿ, ದೀಪಾವಳಿವರೆಗೆ ನೋಡೋಣ. ಇನ್ನೊಂದ್ಸಲ ಆದ್ರೆ ನೀನೂ ಹೋಗ್ತೀಯ, ಅವಳೂ ಹೋಗ್ತಾಳೆ, ಹುಡುಗೀನೂ ಹೋಗ್ತಾಳೆ" ಎಂದರು.

ಮಾರನೆಯ ದಿನವೇ ಶುರುಮಾಡಿದೆವು. ಮೊದಲು ಎಣ್ಣೆ. ಇದ್ದುದು ಗಾಣದ ಕಡಲೆಕಾಯಿ ಎಣ್ಣೆ. ಡಬ್ಬಿಯನ್ನು ಆಯಾ ಮನೆಗೆ ಒಯ್ದಳು. ಎಳ್ಳೆಣ್ಣೆ ತರೋಣವೆಂದು ಅಡುಗೆಯಮ್ಮ ಹಟ ಹಿಡಿದರು. ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗಿ ಗಾಣದವರನ್ನು ಕೇಳಿದೆ. ಎಳ್ಳನ್ನೂ ಶೇಂಗಾವನ್ನೂ ಒಂದೇ ಗಾಣಕ್ಕೆ ಹಾಕುತ್ತಾರೆಂದು ತಿಳಿದು ಬರಿಗೈಯಲ್ಲಿ ಬಂದೆ. ಕೊನೆಗೆ ಮೊಹರಿನ ಡಬ್ಬಿಯ ಕೊಬ್ಬರಿ ಎಣ್ಣೆ ತರಿಸಿದೆವು. "ತಲೆಗೆ ಹಚ್ಚೋದನ್ನ ಮಕ್ಕಳಿಗೆ ತಿನ್ನಿಸ್ತಾರೆ" ಎಂದು ತಾಯಂದಿರು ಮೂಗು ಮುಚ್ಚಿಕೊಂಡರು. ಸಿಹಿಗೆಲ್ಲ ತುಪ್ಪ.

ಆಮೇಲೆ ಒರಳು. ಅಡುಗೆಯಮ್ಮ ಭತ್ತದ ಹೊಟ್ಟು, ಕಲ್ಲುಪ್ಪು ಹಾಕಿ ತಿರುವಿ, ಕುದಿಯುವ ನೀರು ಸುರಿದು ತೊಳೆದರು. "ನೋಡ್ಕೊಳ್ಳಿ" ಎಂದರು. ನಾನು ಕಡ್ಡಿಯಿಂದ ಕಲ್ಲಿನ ಗುಳಿಗಳನ್ನು ಕೆದಕಿದೆ. ಒಂದು ಚೂರು ಕೆಂಪು ಸಿಪ್ಪೆ ಬಂತು. ಅದನ್ನು ಅವರ ಕಣ್ಣಮುಂದೆ ಹಿಡಿದೆ. ಅವರು ಮತ್ತೆ ತೊಳೆದರು, ನಾನು ಮತ್ತೆ ಕೆದಕಿದೆ. ಮೂರನೆಯ ಸಲ ಅವರು ಹೊಟ್ಟಿನ ಬುಟ್ಟಿಯನ್ನು ಎತ್ತಿ ಎಸೆದು ಮನೆಗೆ ಹೋದರು. ಮರುದಿನ ಬೀದಿಯಲ್ಲಿ ಒರಳು ಕುಟ್ಟುವವನ ಕೂಗು ಕೇಳಿದಾಗ ಅವನನ್ನು ಕರೆದು ತಂದವರೂ ಅವರೇ. ಅವನು ಉಳಿ ಹಿಡಿದು ಒರಳಿನ ಒಳಮೈಯನ್ನೆಲ್ಲ ಹೊಸದಾಗಿ ಕುಟ್ಟಿ, ಹಳೆಯ ಪದರವನ್ನು ಪುಡಿಮಾಡಿ ತೆಗೆದ. ಅಕ್ಕಿ ಅರೆದು ಅರೆದು ಚೆಲ್ಲಿದೆವು, ಮರಳು ಬರುವುದು ನಿಲ್ಲುವವರೆಗೆ.

ಉಳಿದದ್ದು ಸೆರಗಿನ ಗಂಟು. ಅದನ್ನು ಹೇಳುವುದು ನನಗೂ ಕಷ್ಟವಾಯಿತು. "ಅದನ್ನೂ ತರಬೇಡಿ" ಎಂದೆ. ಅಡುಗೆಯಮ್ಮ ನನ್ನೆದುರೇ ಗಂಟು ಬಿಚ್ಚಿದರು. ಬೀಜವನ್ನೆಲ್ಲ ಅಂಗಳದಾಚೆ ಕಾಗೆಗಳ ಕಡೆ ಬೀಸಿ ಎರಚಿದರು. ಸೆರಗನ್ನು ನನ್ನ ಮುಖದ ಹತ್ತಿರ ಕೊಡವಿ, "ಇನ್ನೇನು ಬಿಚ್ಚಬೇಕು?" ಎಂದು ಕೇಳಿ ಒಳಗೆ ಹೋದರು. ಅದಾದ ಮೇಲೆ ಬಹಳ ದಿನ ಮಾತು ನಿಂತಿತು.

ಮಾತು ನಿಂತದ್ದರಿಂದಲೇ ದಾರಿ ಸಿಕ್ಕಿತು. ಮುಂದಿನ ಹುಟ್ಟುಹಬ್ಬದ ಬೆಳಗ್ಗೆ ನಾನು ಪಾಠ ಮಾಡುತ್ತಿದ್ದಾಗ ಅಡುಗೆಯಮ್ಮ ಬಾಗಿಲಿಗೆ ಬಂದರು. ಅಂಗೈಯನ್ನು ನನ್ನ ಮೂಗಿನ ಕೆಳಗೆ ಚಾಚಿದರು. ಅದರಲ್ಲಿ ಒಂದು ಹಿಡಿ ಹುರಿಗಡಲೆ.

"ಇದರ ಹೆಸರು ನಂಗೆ ಗೊತ್ತಿಲ್ಲ ಟೀಚರಮ್ಮ. ನಿಮಗೂ ಗೊತ್ತಿಲ್ಲ. ಹಾಕ್ಲಾ, ಬೇಡ್ವಾ?"

ಅವರು ಚುಚ್ಚುವುದಕ್ಕೇ ಹಾಗೆ ಮಾಡಿದ್ದು. ಆದರೆ ಆ ಕ್ಷಣ ಡಾಕ್ಟರ ಪ್ರಶ್ನೆ ನೆನಪಾಯಿತು. ಅಂಗೈಯಲ್ಲಿದ್ದುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಬೆರಳಿನಿಂದ ಕೆದರಿ ನೋಡಿದೆ. "ಹಾಕಿ" ಎಂದೆ. ಆಮೇಲೆ ಹೇಳಿದೆ: "ಇನ್ನು ಮೇಲೆ ಎಲ್ಲಾನೂ ಹೀಗೇ ತೋರಿಸಿ. ಉಪ್ಪಾದ್ರೂ ಸರಿ."

"ತೋರಿಸ್ತೀನಿ. ನಿಮಗೆ ಸಾಕಾಗೋವರೆಗೂ ತೋರಿಸ್ತೀನಿ."

ತೋರಿಸಿದರು. ರವೆ, ಬೇಳೆ, ಕೊಬ್ಬರಿ, ಸಾಸಿವೆ, ಏಲಕ್ಕಿ. ನಾನು ಹಾಡಿನ ಮಧ್ಯೆ ನಿಲ್ಲಿಸಿ ನೋಡಿ ತಲೆಯಾಡಿಸುತ್ತಿದ್ದೆ. ಮಕ್ಕಳಿಗೆ ಅದು ಆಟವಾಯಿತು. ಯಾರು ಏನು ಕೊಟ್ಟರೂ ಮೊದಲು ಅಂಗೈ ಬಿಚ್ಚಿಸಿ ನೋಡುವುದನ್ನು ಆ ಹುಡುಗಿಯೂ ಕಲಿತಳು.

ದೀಪಾವಳಿಗೆ ಮುಂಚಿನ ಹುಟ್ಟುಹಬ್ಬ ಅಧ್ಯಕ್ಷೆಯವರ ಮಗನದೇ. ಅವರು ದೊಡ್ಡ ಡಬ್ಬಿಯೊಂದಿಗೆ ಕಾರಿನಿಂದ ಇಳಿದರು. ನಿಯಮ ಬೇರೆಯವರಿಗೆ ಎಂದುಕೊಂಡಿದ್ದರೋ ಏನೋ. ನಾನು ಬಾಗಿಲಿಗೆ ಹೋದೆ. ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಹಿಂದೆ ಬಂದರು.

"ಬರೀ ಲಾಡು ಮಾರಾಯ್ತಿ. ಕಡಲೆಹಿಟ್ಟಿಂದು" ಎಂದರು ಅಧ್ಯಕ್ಷೆ.

"ಯಾವ ಕಡಲೆ ಅಮ್ಮಾ?" ಎಂದರು ಅಡುಗೆಯಮ್ಮ.

"ಏನೇ ಹಂಗಂದ್ರೆ?"

ನಾನು ಕೇಳಿದೆ. "ಬೂಂದಿ ಯಾವ ಎಣ್ಣೇಲಿ ಕರಿದಿದ್ದು?"

"ಎಣ್ಣೆ ಎಣ್ಣೆನೇ. ನನ್ನ ಮಗನ ಹುಟ್ಟುಹಬ್ಬಕ್ಕೆ ನನ್ನ ಮನೆ ತಿಂಡೀನ ಬಾಗಿಲಲ್ಲಿ ನಿಲ್ಲಿಸ್ತೀರಾ ನೀವಿಬ್ರೂ?"

ಆಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತು ಏನು ಮಾಡುತ್ತದೆಂದು ಗೊತ್ತಿತ್ತು, ನುಂಗಿಕೊಂಡೆ. "ತುಪ್ಪದಲ್ಲಿ ರವೆಉಂಡೆ ಮಾಡಿದೀವಿ. ನಿಮ್ಮ ಕೈಯಿಂದಲೇ ಬಡಿಸಿ" ಎಂದೆ. ಅಡುಗೆಯಮ್ಮ ಬಾಗಿಲಿಗೆ ಅಡ್ಡವಾಗಿ ಇನ್ನೊಂದು ಹೆಜ್ಜೆ ಇಟ್ಟರು. ಒಳಗೆ ಮಕ್ಕಳು ಎಲೆಯ ಮುಂದೆ ಕೂತು ನೋಡುತ್ತಿದ್ದರು. ಅಧ್ಯಕ್ಷೆ ಡಬ್ಬಿಯನ್ನು ಡ್ರೈವರನ ಕೈಗೆ ಕೊಟ್ಟರು. ಕೈ ತೊಳೆದು ಬನ್ನಿ ಎಂದು ನಾನು ಹೇಳಿದಾಗ ಅವರ ಮುಖ ಇನ್ನಷ್ಟು ಬಿಗಿಯಿತು. ಆದರೂ ತೊಳೆದರು. ಮುಖ ಸಡಿಲಿಸದೆಯೇ ಉಂಡೆ ಬಡಿಸಿದರು. ಆ ಹುಡುಗಿಯ ಎಲೆಯ ಮುಂದೆ ಬಂದಾಗ, ಅವಳು ಅವರ ಅಂಗೈಯನ್ನು ನೋಡಿ, ಆಮೇಲೆ ಅಡುಗೆಯಮ್ಮನ ಮುಖ ನೋಡಿದಳು. ಅಡುಗೆಯಮ್ಮ, "ತಿನ್ನು, ನಾ ಮಾಡಿದ್ದು" ಎಂದರು. ತಿಂದಳು. ಇನ್ನೊಂದು ಕೇಳಿದಳು.

ನಮ್ಮನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಯಾರೂ ಮೆಚ್ಚಲೂ ಇಲ್ಲ. ಅಧ್ಯಕ್ಷೆ ಆಮೇಲೆ ನನ್ನೊಂದಿಗೆ ಆಯಾಳ ಮೂಲಕವೇ ಮಾತಾಡಿದರು. ಹುಡುಗಿ ಶಿಶುವಿಹಾರ ಮುಗಿಸಿ ದೊಡ್ಡ ಸ್ಕೂಲಿಗೆ ಹೋದಳು. ಬೇರೆ ಮಕ್ಕಳು ಬಂದರು. ಒಬ್ಬನಿಗೆ ಮೊಟ್ಟೆ ಆಗದು, ಒಬ್ಬಳಿಗೆ ಹಾಲು. ಅವರ ತಾಯಂದಿರು ಈಗ ನಾಚಿಕೆಯಿಲ್ಲದೆ ಹೇಳುತ್ತಿದ್ದರು. ಅಂಗೈ ತೋರಿಸುವುದು ನಿಲ್ಲಲಿಲ್ಲ. ನಮ್ಮ ಜಗಳವೂ ನಿಲ್ಲಲಿಲ್ಲ.

ಅಡುಗೆಯಮ್ಮನ ಕ್ರಿಯೆಯ ದಿನ ಅವರ ಮನೆಗೆ ಹೋದೆ. ಫೋಟೋದ ಮುಂದೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದ್ದರು. ಎಲೆಯ ಒಂದು ಮೂಲೆಯಲ್ಲಿ ಹುರಿದ ಶೇಂಗಾ ಬೀಜದ ರಾಶಿ, ಕೆಂಪು ಸಿಪ್ಪೆಯ ಸಮೇತ.

"ಅತ್ತೆಗೆ ಇದು ಅಂದ್ರೆ ಪ್ರಾಣ" ಎಂದಳು ಸೊಸೆ. "ಆದ್ರೆ ಮನೆ ಒಳಗೇ ತರೋಕೆ ಬಿಡ್ತಿರಲಿಲ್ಲ ಟೀಚರಮ್ಮ, ಎಷ್ಟೋ ವರ್ಷದಿಂದ. ಸೀರೇಲಿ ಅಂಟ್ಕೊಂಡು ಹೋಗುತ್ತೆ, ಆ ಟೀಚರಮ್ಮ ಕಡ್ಡಿ ಹಿಡ್ಕೊಂಡು ಹುಡುಕ್ತಾಳೆ ಅನ್ನೋರು. ಆ ಹುಡುಗಿ ದೊಡ್ಡ ಸ್ಕೂಲಿಗೆ ಹೋಯ್ತಲ್ಲ, ಇನ್ನಾದ್ರೂ ತಿನ್ನಿ ಅಂದೆ. ಇನ್ನೊಂದು ಮಗು ಬರಲ್ವಾ ಅಂದ್ರು. ಮೊನ್ನೆ ಮೊನ್ನೆವರೆಗೂ ಒಂದು ಕಾಳು ಮುಟ್ಟಲಿಲ್ಲ. ಇವತ್ತು ಇಟ್ಟಿದೀವಿ."

ಅವಳು ರಾಶಿಯಿಂದ ಒಂದು ಹಿಡಿ ತೆಗೆದು ನನ್ನ ಕಡೆ ಚಾಚಿದಳು. ನನ್ನ ಅಂಗೈ ತಾನಾಗಿಯೇ ತೆರೆಯಿತು. ಬೆಚ್ಚಗಿದ್ದವು. ಬೆರಳಿನಿಂದ ಕೆದರಿ ನೋಡಿದೆ.

"ತಿನ್ನಿ ಟೀಚರಮ್ಮ."

"ನಾಳೆ ಹುಟ್ಟುಹಬ್ಬ ಇದೆ" ಎಂದೆ.

ಬೀಜಗಳನ್ನು ಎಲೆಯ ಮೇಲಿನ ರಾಶಿಗೇ ಸೇರಿಸಿದೆ. ಸೆರಗು ಕೊಡವಿಕೊಂಡು ಹಿತ್ತಲಿಗೆ ಹೋಗಿ ಕೈ ತೊಳೆದೆ, ಉಗುರಿನ ಸಂದಿಗಳನ್ನೂ ಬಿಡದೆ. ಸೊಸೆ ಚೊಂಬಿನಿಂದ ನೀರು ಹಾಕುತ್ತಾ ನಿಂತಿದ್ದಳು.

"ಅತ್ತೇನೂ ಹಿಂಗೇ ಉಜ್ಜೋರು" ಎಂದಳು. "ನಿಮ್ಮನ್ನ ಬೈಕೊಂಡು."